ಗೋಲಿನ ಮುಂದೆ ಎಡವುವ ಸ್ಟ್ರೈಕರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಮ್ಮ ಫುಟ್‌ಬಾಲ್ ಪ್ರಾಕ್ಟೀಸ್ ಮುಗಿಯುತ್ತದೆ. ಮಕ್ಕಳು ಬೂಟು ಬಿಚ್ಚುವಷ್ಟರಲ್ಲಿ ಬೇಲಿಯಾಚೆ ನಿಂತಿದ್ದ ಅಪ್ಪ-ಅಮ್ಮಂದಿರು ಒಬ್ಬೊಬ್ಬರಾಗಿ ಹತ್ತಿರ ಬರುತ್ತಾರೆ. ಡಿಫೆಂಡರ್‌ನ ಮನೆಯವರು ಏನೂ ಕೇಳುವುದಿಲ್ಲ. ಸ್ಟ್ರೈಕರ್‌ನ ಮನೆಯವರು ಕೇಳದ ವಾರವೇ ಇಲ್ಲ. ಬೆಂಗಳೂರಿನ ಕೆಮ್ಮಣ್ಣಿನ ಮೈದಾನದಲ್ಲಿ ಹನ್ನೆರಡರಿಂದ ಹದಿನೇಳು ವಯಸ್ಸಿನವರಿಗೆ ಕಲಿಸುವ ನಾನು ಹೀಗೆ ನಿಂತಲ್ಲೇ ಕೊಟ್ಟ ಉತ್ತರಗಳನ್ನು ಸ್ವಲ್ಪ ಕೂತು ಯೋಚಿಸಿ ಇಲ್ಲಿ ಬರೆದಿದ್ದೇನೆ.

ಫಿನಿಶಿಂಗ್, ಅಂದರೆ ಸಿಕ್ಕ ಅವಕಾಶವನ್ನು ಗೋಲು ಮಾಡುವುದು, ಹುಟ್ಟಿನಿಂದ ಬರುವುದಲ್ಲವಾ ಸರ್? ಕಲಿಸಿದರೆ ಬರುತ್ತಾ?

ಬರುತ್ತದೆ. ಆದರೆ ಹೆಚ್ಚಿನವರು ಕಲಿಸಲು ಹೊರಡುವುದು ಕಾಲನ್ನು. ಗೋಲು ತಪ್ಪುವುದು ಬಹಳ ಸಲ ಕಾಲು ಚೆಂಡಿಗೆ ತಾಗುವ ಮೊದಲೇ. ಚೆಂಡು ಬರುವಾಗ ಕೀಪರ್ ಎಲ್ಲಿದ್ದಾನೆಂದು ನೋಡಿರುವುದಿಲ್ಲ, ಎರಡು ಹೆಜ್ಜೆ ತಡವಾಗಿ ಓಡಿರುತ್ತಾನೆ, ಮೊದಲ ಟಚ್ ಕಾಲಡಿಗೇ ಸಿಕ್ಕಿಹಾಕಿಕೊಂಡಿರುತ್ತದೆ. ಅಷ್ಟಾದ ಮೇಲೆ ಕಾಲು ಎಷ್ಟು ಚೆನ್ನಾಗಿದ್ದರೂ ಏನು ಬಂತು?

ಒಂದು ಉದಾಹರಣೆ ಕೊಡುತ್ತೇನೆ. 2023ರ ಜೂನ್ 21ರಂದು ಕಂಠೀರವ ಕ್ರೀಡಾಂಗಣದಲ್ಲಿ, ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಸುನಿಲ್ ಛೆಟ್ರಿ ಪಾಕಿಸ್ತಾನದ ಮೇಲೆ ಹ್ಯಾಟ್ರಿಕ್ ಹೊಡೆದರು. ಮೊದಲ ಗೋಲು ನೆನಪಿದೆಯಾ? ಪಾಕಿಸ್ತಾನದ ಆಟಗಾರ ತನ್ನ ಕೀಪರ್‌ಗೆ ಬ್ಯಾಕ್ ಪಾಸ್ ಕೊಟ್ಟ. ನಮ್ಮ ಹುಡುಗರಾಗಿದ್ದರೆ ಅಲ್ಲಿಗೆ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದರು. ಛೆಟ್ರಿ ಬಿಡದೆ ಕೀಪರ್ ಮೇಲೆ ಓಡಿದರು, ಕೀಪರ್ ಗಲಿಬಿಲಿಗೊಂಡ, ಖಾಲಿ ಗೋಲಿಗೆ ಚೆಂಡು ತಳ್ಳಿದ್ದಾಯಿತು. ಉಳಿದೆರಡು ಪೆನಾಲ್ಟಿ. ಇಡೀ ಹ್ಯಾಟ್ರಿಕ್‌ನಲ್ಲಿ ಯೂಟ್ಯೂಬ್‌ಗೆ ಹಾಕುವಂಥ ರಾಕೆಟ್ ಶಾಟ್ ಒಂದೂ ಇರಲಿಲ್ಲ.

ದಿನಕ್ಕೆ ನೂರು ಶಾಟ್ ಹೊಡೆಸಿದರೆ ಸಾಕಲ್ಲ?

ನೂರು ಶಾಟ್ ಎಲ್ಲಿ ಸಿಗುತ್ತದೆ ಹೇಳಿ! ನಮ್ಮೂರಿನ ಮೈದಾನಗಳಲ್ಲಿ ಶೂಟಿಂಗ್ ಪ್ರಾಕ್ಟೀಸ್ ಅಂದರೆ ಒಂದು ಕ್ಯೂ. ಹದಿನೆಂಟು ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಮುಂದಿನವನು ಕೋಚ್‌ಗೆ ಪಾಸ್ ಕೊಡುತ್ತಾನೆ, ಕೋಚ್ ಬದಿಗೆ ತಳ್ಳುತ್ತಾರೆ, ಹುಡುಗ ಓಡಿ ಬಂದು ಬೀಸುತ್ತಾನೆ. ಚೆಂಡು ಕಾಂಪೌಂಡ್ ದಾಟಿ ಮೋರಿಗೆ ಬೀಳುತ್ತದೆ, ಹೊಡೆದವನೇ ತರಬೇಕು. ಒಂದು ಶಾಟ್‌ಗೆ ಇಪ್ಪತ್ತು ಸೆಕೆಂಡ್ ಅಂತ ಹಿಡಿದರೂ ನಲವತ್ತು ನಿಮಿಷದಲ್ಲಿ ಆಗುವುದು 120 ಶಾಟ್. ತಲೆಗೆ ಆರೋ ಏಳೋ ಬರುತ್ತದೆ. ಉಳಿದ ಹೊತ್ತೆಲ್ಲ ಕ್ಯೂನಲ್ಲಿ ಹರಟೆ, ಮುಂದಿನವನ ಕಾಲರ್ ಎಳೆಯುವುದು. ನಾನೂ ಹೀಗೆಯೇ ಕಲಿತವನು, ಮೊದಲ ಮೂರು ವರ್ಷ ಹೀಗೆಯೇ ಕಲಿಸಿದವನು ಕೂಡ.

ಇನ್ನೊಂದು ತೊಂದರೆ ಇದೆ. ಆ ಕ್ಯೂನಲ್ಲಿ ಚೆಂಡು ಯಾವಾಗಲೂ ಒಂದೇ ಕಡೆಯಿಂದ, ಒಂದೇ ವೇಗದಲ್ಲಿ ಬರುತ್ತದೆ. ಹಿಂದೆ ಡಿಫೆಂಡರ್ ಇಲ್ಲ. ಮ್ಯಾಚಿನಲ್ಲಿ ಅಂಥ ಚೆಂಡು ಎಷ್ಟು ಸಲ ಸಿಕ್ಕಿದೆ ಅಂತ ಯಾವ ಸ್ಟ್ರೈಕರನ್ನಾದರೂ ಕೇಳಿ ನೋಡಿ.

ಹಾಗಂತ ಕಿಕ್ಕನ್ನೇ ಬಿಡಿಬಿಡಿಯಾಗಿ ತಿದ್ದಬೇಕಾದ ದಿನಗಳೂ ಇರುತ್ತವೆ. ಆಗ ಇಬ್ಬಿಬ್ಬರನ್ನು ಎದುರು ಬದುರು ನಿಲ್ಲಿಸಿ, ನಡುವೆ ಎರಡು ಕೋನ್ ಇಟ್ಟು ಅದನ್ನೇ ಗೋಲು ಅಂದುಬಿಡುತ್ತೇನೆ. ಒಬ್ಬ ಹೊಡೆದದ್ದು ಇನ್ನೊಬ್ಬನಿಗೆ ಹೋಗುತ್ತದೆ. ಹದಿನೈದು ನಿಮಿಷದಲ್ಲಿ ಒಬ್ಬೊಬ್ಬನೂ ಅರವತ್ತು ಎಪ್ಪತ್ತು ಹೊಡೆದಿರುತ್ತಾನೆ, ಮೋರಿಯ ಕಡೆ ಯಾರೂ ಹೋಗಿರುವುದಿಲ್ಲ.

ಹಾಗಾದರೆ ನೀವು ಏನು ಮಾಡಿಸುತ್ತೀರಿ?

ಎರಡು ಗೋಲುಗಳನ್ನು ಸುಮಾರು 30 ಮೀಟರ್ ಅಂತರದಲ್ಲಿ ಎದುರು ಬದುರು ಇಡುತ್ತೇನೆ. ನಿಜವಾದ ಗೋಲು ಒಂದೇ ಇದ್ದರೆ ಇನ್ನೊಂದಕ್ಕೆ ಬಿದಿರಿನ ಗಳು. ಎರಡೂ ಕಡೆ ಕೀಪರ್. ಒಳಗೆ ಮೂವರ ಮೇಲೆ ಮೂವರು, ಎರಡು ಅಂಚಿನಲ್ಲಿ ಒಬ್ಬೊಬ್ಬ ಜೋಕರ್; ಚೆಂಡು ಯಾರ ಕೈಲಿದೆಯೋ ಜೋಕರ್ ಅವರ ಪಾರ್ಟಿ. ಎರಡು ನಿಮಿಷ ಆಟ, ಎರಡು ನಿಮಿಷ ರೆಸ್ಟ್. ಚೆಂಡು ಹೊರಗೆ ಹೋದರೆ ಅದನ್ನು ತರಲು ಯಾರೂ ಓಡುವುದಿಲ್ಲ, ನಾನು ಇನ್ನೊಂದನ್ನು ಒಳಗೆ ಹಾಕುತ್ತೇನೆ. ಜಾಗ ಎಷ್ಟು ಚಿಕ್ಕದೆಂದರೆ ಚೆಂಡು ಕಾಲಿಗೆ ಬಂದ ಕ್ಷಣವೇ ಹೊಡೆಯುವ ದೂರದಲ್ಲಿರುತ್ತಾರೆ. ಯೋಚಿಸಿ ನಿಂತರೆ ಹಿಂದಿನಿಂದ ಒಂದು ಕಾಲು ಬಂದೇ ಬರುತ್ತದೆ.

ಇದಕ್ಕೆ ವಾರಕ್ಕೊಂದು ರೂಲ್ ಸೇರಿಸುತ್ತೇನೆ. ಒಂದು ವಾರ ಒಂದೇ ಟಚ್‌ನ ಗೋಲಿಗೆ ಎರಡು ಪಾಯಿಂಟ್. ಇನ್ನೊಂದು ವಾರ ರೀಬೌಂಡ್‌ನಲ್ಲಿ ಬಂದ ಗೋಲಿಗೆ ಮೂರು. ಈ ಎರಡನೆಯದು ಹುಡುಗರನ್ನು ಎಷ್ಟು ಬದಲಿಸಿತೆಂದರೆ, ತಮ್ಮವನು ಶಾಟ್ ಹೊಡೆದ ಕೂಡಲೇ ಇಬ್ಬರು ಕೀಪರ್ ಕಡೆ ನುಗ್ಗುವುದು ಈಗ ಅಭ್ಯಾಸವಾಗಿಬಿಟ್ಟಿದೆ. ಮೊದಲೆಲ್ಲ ನಿಂತು 'ಛೇ' ಅನ್ನುತ್ತಿದ್ದರು.

ನೋಡುವುದನ್ನೂ ಕಲಿಸಬೇಕು. ಅದಕ್ಕೊಂದು ಸಣ್ಣ ಉಪಾಯ. ಸ್ಟ್ರೈಕರ್ ಗೋಲಿಗೆ ಬೆನ್ನು ಹಾಕಿ ಪಾಸ್‌ಗೆ ಕಾಯುತ್ತಿರುತ್ತಾನೆ. ಪಾಸ್ ಹೊರಟ ಮೇಲೆ ಕೀಪರ್ ಎಡಕ್ಕೋ ಬಲಕ್ಕೋ ಎರಡು ಹೆಜ್ಜೆ ಸರಿದು ನಿಲ್ಲುತ್ತಾನೆ. ಚೆಂಡು ದಾರಿಯಲ್ಲಿರುವಾಗಲೇ ಹುಡುಗ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿರಬೇಕು. ತಿರುಗಿದ ಮೇಲೆ ಹುಡುಕುವ ಹಾಗಿಲ್ಲ. ಮೊದಲ ದಿನ ಹತ್ತರಲ್ಲಿ ಎಂಟು ಸಲ ಕೀಪರ್‌ನ ಎದೆಗೇ ಹೊಡೆಯುತ್ತಾರೆ. ಒಂದು ತಿಂಗಳಲ್ಲಿ ಕತ್ತು ತಾನಾಗಿ ತಿರುಗಲು ಶುರುವಾಗುತ್ತದೆ.

ಎಷ್ಟು ದೂರದಿಂದ ಹೊಡೆಯಬೇಕು?

ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಅದು ಎಲ್ಲಿಂದ ನೋಡಿದರೂ ಅಷ್ಟೇ. ಆದರೆ ಹೊಡೆಯುವವನಿಗೆ ಕಾಣುವ ಬಾಗಿಲು ಅಷ್ಟೇ ಅಲ್ಲ. ನೇರ ಎದುರಿನಲ್ಲಿ 25 ಮೀಟರ್ ದೂರ ನಿಂತರೆ ಎರಡು ಪೋಸ್ಟ್‌ಗಳ ನಡುವಿನ ಕೋನ ಸುಮಾರು 17 ಡಿಗ್ರಿ. ಬಾಕ್ಸಿನ, ಅಂದರೆ ಗೋಲಿನ ಮುಂದಿನ ಪೆನಾಲ್ಟಿ ಏರಿಯಾದ, ಗೆರೆಯ ಮೇಲೆ 16.5 ಮೀಟರ್‌ಗೆ 25 ಡಿಗ್ರಿ. 11 ಮೀಟರ್‌ನ ಪೆನಾಲ್ಟಿ ಗುರುತಿನಲ್ಲಿ 37. ಗೋಲ್ ಏರಿಯಾದ 5.5 ಮೀಟರ್ ಗೆರೆಗೆ ಬಂದರೆ 67. ಒಂದೊಂದು ಹೆಜ್ಜೆಗೂ ಬಾಗಿಲು ತೆರೆದುಕೊಳ್ಳುತ್ತಾ ಹೋಗುತ್ತದೆ. ಪಕ್ಕಕ್ಕೆ ಸರಿದರೆ ಅಷ್ಟೇ ಬೇಗ ಮುಚ್ಚಿಕೊಳ್ಳುತ್ತದೆ. ಗೋಲ್ ಲೈನ್ ಹತ್ತಿರದ ಮೂಲೆಯಿಂದ 'ಆ್ಯಂಗಲ್ ಇತ್ತು ಸರ್' ಅನ್ನುವವರಿಗೆ ನಾನು ಅಲ್ಲೇ ಮಂಡಿಯೂರಿ ಕೂತು ಗೋಲು ಎಷ್ಟು ಕಾಣುತ್ತದೆ ನೋಡು ಅನ್ನುತ್ತೇನೆ.

ಎರ್ಲಿಂಗ್ ಹಾಲಂಡ್ 2022-23ರ ಪ್ರೀಮಿಯರ್ ಲೀಗ್‌ನಲ್ಲಿ 36 ಗೋಲು ಹೊಡೆದು ದಾಖಲೆ ಮಾಡಿದರಲ್ಲ, ಅದರಲ್ಲಿ ಬಹುಪಾಲು ಬಾಕ್ಸಿನ ಒಳಗಿನಿಂದಲೇ. ನಮ್ಮ ಹುಡುಗರ ಫೋನಿನಲ್ಲಿ ಇರುವುದು ಮಾತ್ರ 30 ಮೀಟರ್‌ನ ಗೋಲುಗಳು.

ಜೋರಾಗಿ ಹೊಡೆಯಬೇಕಾ, ನೋಡಿ ಇಡಬೇಕಾ?

ದೂರದ ಮೇಲೆ ಹೋಗುತ್ತದೆ. ಗಂಟೆಗೆ 72 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ 20 ಮೀಟರ್ ಹೋಗುತ್ತದೆ. ಬಾಕ್ಸಿನ ಗೆರೆಯಿಂದ ಗೋಲಿಗೆ 0.8 ಸೆಕೆಂಡ್, ಪೆನಾಲ್ಟಿ ಗುರುತಿನಿಂದ 0.55. ಐದೂವರೆ ಮೀಟರ್‌ನಿಂದಾದರೆ ಕಾಲು ಸೆಕೆಂಡಿಗಿಂತ ಚೂರು ಹೆಚ್ಚು ಅಷ್ಟೇ, ಕೀಪರ್‌ನ ಕಣ್ಣು ಕಂಡು ಕೈ ಕದಲುವುದಕ್ಕೇ ಅಷ್ಟು ಬೇಕು. ಹತ್ತಿರವಿದ್ದಾಗ ಬಲ ಹಾಕಿ ಗಳಿಸುವುದು ಏನೂ ಇಲ್ಲ, ಕಳೆದುಕೊಳ್ಳುವುದು ಗುರಿಯನ್ನು. ಸೈಡ್ ಫುಟ್, ಅಂದರೆ ಪಾದದ ಒಳಬದಿಯಿಂದ ತಳ್ಳುವುದು, ಸಾಕು.

ಎಲ್ಲಿಗೆ ಇಡಬೇಕು ಅಂದರೆ, ಸಂದೇಹವಿದ್ದಾಗ ಕೆಳಗೆ, ಫಾರ್ ಪೋಸ್ಟ್ ಅಂದರೆ ದೂರದ ಕಂಬದ ಕಡೆಗೆ. ಕೀಪರ್ ತಡೆದರೂ ಚೆಂಡು ಗೋಲಿನ ಮುಂದಕ್ಕೇ ಚಿಮ್ಮುತ್ತದೆ, ನಮ್ಮವನೊಬ್ಬ ಅಲ್ಲಿರಬಹುದು. ನಿಯರ್ ಪೋಸ್ಟ್‌ಗೆ ಹೊಡೆದು ಪಕ್ಕದ ಬಲೆಗೆ ಬಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಥಿಯರಿ ಆನ್ರಿ ಎಡಗಡೆಯಿಂದ ಒಳಗೆ ಬಂದು, ಮೈ ತೆರೆದು, ಬಲಗಾಲಿನ ಒಳಬದಿಯಿಂದ ದೂರದ ಮೂಲೆಗೆ ಸುತ್ತಿಸಿ ಇಟ್ಟ ಗೋಲುಗಳನ್ನು ಹುಡುಗರಿಗೆ ತೋರಿಸುತ್ತೇನೆ. ಅವರು ಚೆಂಡಿಗೆ ಏಟು ಕೊಟ್ಟ ಹಾಗೆಯೇ ಕಾಣುವುದಿಲ್ಲ, ಯಾರಿಗೋ ಪಾಸ್ ಕೊಟ್ಟಂತಿರುತ್ತದೆ.

ಇನ್ನೊಂದು ಮಾತು. ಕೀಪರ್ ನೇರ ಎದುರಿದ್ದರೆ ಅವನ ಕಾಲ ಪಕ್ಕದಲ್ಲೇ ನೆಲಕ್ಕಂಟಿ ಹೋಗುವ ಚೆಂಡು ಅವನಿಗೆ ಬಲು ಕಷ್ಟ. ಸೊಂಟದೆತ್ತರದ ಚೆಂಡೇ ಅವನಿಗೆ ಹಬ್ಬ. ಎರಡೂ ಕೈ ತಾವಾಗಿ ಅಲ್ಲಿಗೆ ಹೋಗುತ್ತವೆ.

ನನ್ನ ಮಗ ಹೊಡೆದದ್ದು ಯಾವಾಗಲೂ ಬಾರ್ ಮೇಲೆಯೇ ಹೋಗುತ್ತದೆ, ಯಾಕೆ?

ಅವನ ಹೊಡೆಯುವ ಕಾಲನ್ನು ನೋಡಬೇಡಿ, ಊರುವ ಕಾಲನ್ನು ನೋಡಿ. ಅದು ಚೆಂಡಿನ ಪಕ್ಕದಲ್ಲಿ, ಹೆಚ್ಚೆಂದರೆ ಒಂದು ಗೇಣು ದೂರದಲ್ಲಿ ಇರಬೇಕು, ಬೆರಳು ಗುರಿಯ ಕಡೆಗಿರಬೇಕು. ಚೆಂಡಿನ ಹಿಂದೆ ಊರಿದರೆ ಕಾಲು ಚೆಂಡನ್ನು ಮೇಲಕ್ಕೇರುವ ಬೀಸಿನಲ್ಲಿ ಸಂಧಿಸುತ್ತದೆ, ಎದೆ ಹಿಂದಕ್ಕೆ ವಾಲುತ್ತದೆ, ಚೆಂಡಿನ ಅಡಿಭಾಗಕ್ಕೆ ಏಟು ಬೀಳುತ್ತದೆ. ಮೇಲೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಕಳೆದ ವರ್ಷ ಒಬ್ಬ ಹುಡುಗನಿಗೆ ನಾನು 'ಮುಂದಕ್ಕೆ ಬಾಗು' ಅಂತ ಎರಡು ತಿಂಗಳು ಹೇಳಿದೆ. ಬಾಗಿದ, ಆದರೂ ಚೆಂಡು ಮೇಲೆ. ಒಂದು ದಿನ ಮಳೆ ಬಂದು ನಿಂತ ಮೇಲೆ ಹಸಿ ಮಣ್ಣಿನಲ್ಲಿ ಹೊಡೆಸಿದೆ, ಆಮೇಲೆ ಹೆಜ್ಜೆ ಗುರುತು ನೋಡಿದೆವು. ಎಡಗಾಲಿನ ಗುರುತು ಚೆಂಡು ಇಟ್ಟ ಜಾಗಕ್ಕಿಂತ ಒಂದು ಮೊಳ ಹಿಂದೆ ಇತ್ತು. ಅವನಿಗೆ ಇನ್ನೇನೂ ಹೇಳಬೇಕಾಗಲಿಲ್ಲ. ಓಟದ ಕೊನೆಯ ಹೆಜ್ಜೆಯನ್ನು ಸ್ವಲ್ಪ ಉದ್ದ ಮಾಡಿಕೊಂಡ, ಆವತ್ತೇ ಆರರಲ್ಲಿ ನಾಲ್ಕು ಬಾರ್ ಕೆಳಗೆ ಹೋದವು.

ಇದನ್ನೆಲ್ಲ ಹೇಳುವ ನಾನು ಕಾಲೇಜು ದಿನಗಳಲ್ಲಿ ಸೆಮಿಫೈನಲ್‌ನಲ್ಲಿ ನಾಲ್ಕು ಮೀಟರ್‌ನಿಂದ ಖಾಲಿ ಗೋಲಿನ ಮೇಲಕ್ಕೆ ಹೊಡೆದವನು. ಕಾರಣ ಅದೇ. ಚೆಂಡು ಇನ್ನೂ ಪುಟಿಯುತ್ತಿತ್ತು, ನಾನು ಆಗಲೇ ಮನಸ್ಸಿನಲ್ಲಿ ಕುಣಿಯಲು ಶುರು ಮಾಡಿದ್ದೆ. ಕಾಲು ಎಲ್ಲಿ ಊರಿದೆನೋ ದೇವರಿಗೇ ಗೊತ್ತು.

ಕೀಪರ್ ಒಬ್ಬನೇ ಎದುರಿದ್ದಾಗ ಯಾಕೆ ಹೆದರುತ್ತಾರೆ?

ಹೊತ್ತು ಜಾಸ್ತಿ ಇರುವುದರಿಂದ. ಗಡಿಬಿಡಿಯಲ್ಲಿ ಗೋಲು ಹೊಡೆಯುವವನು ಇಪ್ಪತ್ತು ಮೀಟರ್ ಒಬ್ಬನೇ ಓಡಿದರೆ ಮೂರು ಸಲ ಮನಸ್ಸು ಬದಲಿಸುತ್ತಾನೆ.

ಅವನಿಗೆ ಹೇಳುವುದು ಒಂದೇ: ಕೀಪರ್‌ನ ಕಾಲು ನೋಡು. ಅವನು ಮುಂದೆ ಓಡಿ ಬರುತ್ತಿರುವಾಗ ಪಕ್ಕಕ್ಕೆ ಜಿಗಿಯಲಾರ. ಆಗಲೇ, ಅವನು ನಿಂತು ಮೈ ಹಿಡಿದುಕೊಳ್ಳುವ ಮೊದಲೇ, ಪಕ್ಕದಲ್ಲಿ ತಳ್ಳಿಬಿಡು. ಅವನು ಬೇಗ ನೆಲಕ್ಕೆ ಬಿದ್ದರೆ ಬದಿಯಿಂದ ಸುತ್ತಿಹೋಗು. ಗೋಲ್ ಲೈನ್‌ನಲ್ಲೇ ನಿಂತಿದ್ದರೆ ಇನ್ನೂ ಹತ್ತಿರ ಹೋಗು, ಅವಸರವಿಲ್ಲ. ಚಿಪ್ ಮಾಡುವುದು, ಅಂದರೆ ಕೀಪರ್‌ನ ತಲೆಯ ಮೇಲಿಂದ ಚೆಂಡು ಎತ್ತಿ ಹಾಕುವುದು, ಕೊನೆಯ ಆಯ್ಕೆ. ನಮ್ಮ ಹುಡುಗರಿಗೆ ಅದೇ ಮೊದಲನೆಯದು.

ಬೆನ್ನ ಹಿಂದೆ ಡಿಫೆಂಡರ್ ಅಟ್ಟಿಸಿಕೊಂಡು ಬರುತ್ತಿದ್ದರೆ ಮೊದಲ ಟಚ್ ಅವನ ದಾರಿಗೆ ಅಡ್ಡವಾಗಿ ಹೋಗಬೇಕು. ಈಗ ನಿನ್ನ ಮೈ ಅವನಿಗೂ ಚೆಂಡಿಗೂ ನಡುವೆ ಇದೆ. ಬಾಕ್ಸಿನೊಳಗೆ ಅವನು ಕಾಲು ಹಾಕಿ ಬೀಳಿಸಿದರೆ ಪೆನಾಲ್ಟಿ.

ಎಡಗಾಲು ಆಗುವುದೇ ಇಲ್ಲ. ಬಿಟ್ಟುಬಿಡಬಹುದಾ?

ಬಿಡಬೇಡಿ. ಎಡಗಾಲಿನಿಂದ ರಾಕೆಟ್ ಬೇಡ, ಹತ್ತು ಮೀಟರ್‌ನಿಂದ ಸೈಡ್ ಫುಟ್ ಬಂದರೆ ಸಾಕು. ಬರದಿದ್ದರೆ ಡಿಫೆಂಡರ್‌ಗೆ ಅದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ, ಉಳಿದ ಎಂಬತ್ತು ನಿಮಿಷ ಅವನು ಬಲಗಡೆಯನ್ನೇ ಕಾಯುತ್ತಾನೆ. ಮನೆಯ ಹಿಂದೆ ಗೋಡೆ ಇದ್ದರೆ ದಿನಕ್ಕೆ ಹತ್ತು ನಿಮಿಷ ಎಡಗಾಲಿನಿಂದಲೇ ಹೊಡೆದು ಎಡಗಾಲಿನಿಂದಲೇ ನಿಲ್ಲಿಸಲಿ. ಗೋಡೆಯಾಚೆ ಮಲಗಿರುವವರ ಅನುಮತಿ ಕೇಳಿಕೊಂಡು.

ಟೋ ಕಿಕ್ ಹೊಡೆದರೆ ಕೋಚ್ ಬೈಯುತ್ತಾರೆ. ಅದು ತಪ್ಪಾ?

2002ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್‌ನ ರೊನಾಲ್ಡೊ ಟರ್ಕಿಯ ಮೇಲೆ ಹೊಡೆದ ಗೋಲು ಬೂಟಿನ ತುದಿಯಿಂದ ಚುಚ್ಚಿದ್ದು. ಆ ಪಂದ್ಯದ ಏಕೈಕ ಗೋಲೂ ಅದೇ. ಕಾಲು ಹಿಂದಕ್ಕೆ ಎತ್ತಲು ಜಾಗವಿಲ್ಲದಾಗ, ಓಡುತ್ತಿರುವ ಹೆಜ್ಜೆಯಲ್ಲೇ ಬರುವ ಆ ಚುಚ್ಚು ಕೀಪರ್‌ಗೆ ಯಾವ ಮುನ್ಸೂಚನೆಯೂ ಕೊಡುವುದಿಲ್ಲ. ಇಪ್ಪತ್ತು ಮೀಟರ್‌ನಿಂದ ಟೋ ಹೊಡೆದರೆ ನಾನೂ ಬೈಯುತ್ತೇನೆ.

ನಮ್ಮವನು ಗಿಡ್ಡ. ಹೆಡ್ಡರ್ ಕಲಿಸಿ ಏನು ಪ್ರಯೋಜನ?

ಛೆಟ್ರಿಯ ಎತ್ತರ 1.70 ಮೀಟರ್. ನಿವೃತ್ತಿ ಹೇಳಿ ಮರಳಿ ಬಂದ ಮೇಲೆ, 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ಹೊಡೆದ ಅವರ 95ನೇ ಅಂತರರಾಷ್ಟ್ರೀಯ ಗೋಲು ತಲೆಯಿಂದಲೇ ಬಂದದ್ದು. ಎತ್ತರಕ್ಕಿಂತ ಮುಖ್ಯ, ಡಿಫೆಂಡರ್‌ನ ಕಣ್ಣಿಗೆ ಬೀಳದ ಕಡೆಯಿಂದ ಬರುವುದು. ಕ್ರಾಸ್ ಬರುವಾಗ ಡಿಫೆಂಡರ್ ಒಂದೋ ಚೆಂಡನ್ನು ನೋಡಬೇಕು, ಇಲ್ಲ ನಿನ್ನನ್ನು. ಎರಡು ಹೆಜ್ಜೆ ಅವನ ಬೆನ್ನ ಹಿಂದಕ್ಕೆ ಸರಿ, ಅವನು ಚೆಂಡಿನ ಕಡೆ ತಿರುಗಿದ ಕೂಡಲೇ ಅವನ ಮುಂದಕ್ಕೆ ನುಗ್ಗು. ಗೋಲ್ ಲೈನ್ ಹತ್ತಿರದಿಂದ ಹಿಂದಕ್ಕೆ ತಳ್ಳುವ ಕಟ್ ಬ್ಯಾಕ್ ಪಾಸ್‌ಗೂ ಇದೇ ಓಟ.

ಆದರೆ ಚಿಕ್ಕ ಮಕ್ಕಳಿಗೆ ನಾನು ಹೆಡ್ಡಿಂಗ್ ಮಾಡಿಸುವುದಿಲ್ಲ. ಅಮೆರಿಕದಲ್ಲಿ 2015ರಲ್ಲೇ ಹತ್ತು ವರ್ಷ ಮತ್ತು ಅದಕ್ಕಿಂತ ಕೆಳಗಿನವರಿಗೆ ಅದನ್ನು ನಿಲ್ಲಿಸಿದರು, ಇಂಗ್ಲೆಂಡಿನಲ್ಲಿ 2020ರಲ್ಲಿ ಪ್ರೈಮರಿ ವಯಸ್ಸಿನ ಮಕ್ಕಳ ತರಬೇತಿಯಿಂದ ತೆಗೆದರು. ನಮ್ಮಲ್ಲಿ ಓಟ ಮಾತ್ರ ಕಲಿಸಿ, ಚೆಂಡನ್ನು ಕೈಯಲ್ಲಿ ಹಿಡಿಯಲು ಹೇಳುತ್ತೇನೆ. ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಬಂದರೆ ಕೈಗೆ ಸಿಗುತ್ತದೆ.

ಪೆನಾಲ್ಟಿ ಲಾಟರಿ ತಾನೇ, ಅದಕ್ಕೇಕೆ ಪ್ರಾಕ್ಟೀಸ್?

ದೊಡ್ಡ ಲೀಗ್‌ಗಳಲ್ಲಿ ನಾಲ್ಕರಲ್ಲಿ ಮೂರಕ್ಕಿಂತ ಸ್ವಲ್ಪ ಹೆಚ್ಚು ಪೆನಾಲ್ಟಿ ಗೋಲಾಗುತ್ತವೆ. ಅಂಥ ಲಾಟರಿ ಇದ್ದರೆ ನಾನು ಮನೆ ಅಡ ಇಟ್ಟು ಟಿಕೆಟ್ ಕೊಳ್ಳುತ್ತೇನೆ.

ಬೆಂಗಳೂರಿನವರಿಗೆ ಇದರಲ್ಲಿ ಒಂದು ಹಳೇ ನೋವಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಹೆಚ್ಚಿನವರು ಬರಿಗಾಲಲ್ಲಿ ಆಡಿದ ಭಾರತ ತಂಡ ಫ್ರಾನ್ಸ್ ಎದುರು 1-2ರಿಂದ ಸೋತಿತು. ನಮ್ಮ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು. ಅದೇ ಪಂದ್ಯದಲ್ಲಿ ನಾವು ಎರಡು ಪೆನಾಲ್ಟಿ ಕಳೆದುಕೊಂಡೆವು.

ಇಸ್ರೇಲಿನ ಸಂಶೋಧಕರು 286 ಪೆನಾಲ್ಟಿಗಳನ್ನು ಲೆಕ್ಕ ಹಾಕಿ 2007ರಲ್ಲಿ ಪ್ರಕಟಿಸಿದರು. ಚೆಂಡು ನಡುವಿಗೆ ಬಂದದ್ದು ನೂರರಲ್ಲಿ ಸುಮಾರು 29 ಸಲ. ಕೀಪರ್ ನಡುವೆಯೇ ನಿಂತದ್ದು ಆರು ಸಲ ಮಾತ್ರ. ಜಿಗಿಯದೆ ನಿಂತು ಗೋಲು ಬಿಟ್ಟರೆ ಬೈಸಿಕೊಳ್ಳಬೇಕಲ್ಲ! ಹಾಗಾಗಿ ನಡುವೆ ಹೊಡೆಯುವುದು ದಡ್ಡತನವಲ್ಲ, ಆದರೆ ಎದೆಗಟ್ಟಿ ಬೇಕು. ನಮ್ಮ ಮಕ್ಕಳಿಗೆ ನಾನು ಹೇಳುವುದು: ಚೆಂಡು ಇಡುವ ಮೊದಲೇ ಮೂಲೆ ಆರಿಸು, ಆಮೇಲೆ ಬದಲಿಸಬೇಡ, ವಿಸಿಲ್ ಆದ ಮೇಲೆ ಒಂದು ಉಸಿರು ತೆಗೆದುಕೊಂಡು ಹೊರಡು. ಪ್ರಾಕ್ಟೀಸನ್ನು ಕೊನೆಯಲ್ಲಿ, ಕಾಲು ಸೋತ ಮೇಲೆ, ಎಲ್ಲರೂ ಸುತ್ತ ನಿಂತು ರೇಗಿಸುತ್ತಿರುವಾಗ ಮಾಡಿಸುತ್ತೇನೆ. ಒಬ್ಬನಿಗೆ ಒಂದೇ ಅವಕಾಶ.

ಐದು ಮ್ಯಾಚ್ ಆಯಿತು, ಮಗಳು ಒಂದೂ ಗೋಲು ಹೊಡೆದಿಲ್ಲ. ಊಟ ಬಿಟ್ಟಿದ್ದಾಳೆ.

ಮೊದಲು ಊಟ ಹಾಕಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಗೋಲಿನ ಬಾಯಿ ಬರೆದು, ಅವಳು ಎಲ್ಲಿಂದ ಎಷ್ಟು ಶಾಟ್ ಹೊಡೆದಳು ಅಂತ ಚುಕ್ಕೆ ಹಾಕಿ. ದೊಡ್ಡ ಲೀಗ್‌ಗಳಲ್ಲೂ ಹತ್ತು ಶಾಟ್‌ಗೆ ಸುಮಾರು ಒಂದು ಗೋಲು. ಮ್ಯಾಚಿಗೆ ಎರಡು ಶಾಟ್ ಹೊಡೆಯುವವಳಿಗೆ ಐದು ಮ್ಯಾಚ್ ಖಾಲಿ ಹೋಗುವುದು ವಿಶೇಷವೇ ಅಲ್ಲ. ಚುಕ್ಕೆಗಳು ಪೆನಾಲ್ಟಿ ಗುರುತಿನ ಸುತ್ತ ಇದ್ದರೆ ಏನೂ ಬದಲಿಸಬೇಡಿ. ಚುಕ್ಕೆಗಳು ದೂರದಲ್ಲಿದ್ದರೆ, ಇಲ್ಲವೇ ಚುಕ್ಕೆಯೇ ಇಲ್ಲದಿದ್ದರೆ, ತೊಂದರೆ ಫಿನಿಶಿಂಗ್‌ನದಲ್ಲ, ಓಟದ್ದು. ಅಂಥ ಒಬ್ಬ ಹುಡುಗಿ ನಮ್ಮಲ್ಲಿದ್ದಳು. ಪುಟ ತೋರಿಸಿದಾಗ ಹದಿಮೂರು ಚುಕ್ಕೆಯಲ್ಲಿ ಹನ್ನೊಂದು ಬಾಕ್ಸಿನ ಹೊರಗಿದ್ದವು. 'ಒಳಗೆ ಹೋದರೆ ತಳ್ಳುತ್ತಾರೆ ಸರ್' ಅಂದಳು. ಆಮೇಲೆ ಒಂದು ತಿಂಗಳು ಅವಳಿಗೆ ಶೂಟಿಂಗ್ ಮಾಡಿಸಲೇ ಇಲ್ಲ. ತಳ್ಳಿಸಿಕೊಂಡು ನಿಲ್ಲುವುದನ್ನು ಕಲಿಸಿದೆವು.

ಟರ್ಫ್‌ನಲ್ಲಿ ಐದೈದು ಜನರ ಆಟ ಆಡಿದರೆ ಸುಧಾರಿಸುತ್ತದಾ?

ಚುರುಕು ಬರುತ್ತದೆ, ಟಚ್ ಬರುತ್ತದೆ. ಆದರೆ ಅಲ್ಲಿ ಚೆಂಡು ಹೇಳಿದ ಮಾತು ಕೇಳುತ್ತದೆ. ಕೆಮ್ಮಣ್ಣಿನಲ್ಲಿ ಕೊನೇ ಕ್ಷಣಕ್ಕೆ ಒಂದು ಕಲ್ಲಿಗೆ ತಾಗಿ ಪುಟಿಯುವ ಚೆಂಡಿಗೆ ಹೆಜ್ಜೆ ಹೊಂದಿಸಿಕೊಳ್ಳುವುದು ಅಲ್ಲಿ ಸಿಗುವುದಿಲ್ಲ.

ಮೊಣಕಾಲ ಕೆಳಗೆ ಗಂಟು ಬಂದು ನೋಯುತ್ತಿದೆ. ಆಡಿಸಬಹುದಾ?

ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ ಬರುವ ಆ ನೋವಿಗೆ ಡಾಕ್ಟರುಗಳು ಆಸ್‌ಗುಡ್-ಶ್ಲಾಟರ್ ಅನ್ನುತ್ತಾರೆ. ಓಟ, ಜಿಗಿತ, ಕಿಕ್ ಹೆಚ್ಚಾದವರಲ್ಲಿ ಸಾಮಾನ್ಯ. ಅದೇ ಹೌದೋ ಅಲ್ಲವೋ ಅವರೇ ನೋಡಿ ಹೇಳಲಿ. ಅಲ್ಲಿಯವರೆಗೆ ಶಾಟ್‌ಗಳ ಲೆಕ್ಕ ಇಳಿಸಿ. ತೊಡೆಸಂದಿಯ ನೋವಿಗೂ ಇದೇ ಮಾತು. ವಾರ್ಮ್ ಅಪ್ ಇಲ್ಲದೆ, ಮೈದಾನಕ್ಕೆ ಕಾಲಿಟ್ಟ ಕೂಡಲೇ ಗೋಲಿಗೆ ಬೀಸಲು ಶುರು ಮಾಡುವುದೇ ಅರ್ಧ ನೋವಿಗೆ ಮೂಲ. ಫಿಫಾದ 11 ಪ್ಲಸ್ ವಾರ್ಮ್ ಅಪ್ ಇಪ್ಪತ್ತು ನಿಮಿಷದ್ದು, ಪುಕ್ಕಟೆ ಸಿಗುತ್ತದೆ.

ಬೇಲಿಯಾಚೆಯಿಂದ ನಾವು ಕೂಗಬಹುದಾ?

ಚಪ್ಪಾಳೆ ಹೊಡೆಯಿರಿ. 'ಹೊಡಿ ಹೊಡಿ' ಅಂತ ಮಾತ್ರ ಬೇಡ. ಕಳೆದ ತಿಂಗಳು ಒಬ್ಬ ಹುಡುಗ ಬಾಕ್ಸಿನೊಳಗೆ ಚೆಂಡು ಹಿಡಿದು ಪಕ್ಕದವನಿಗೆ ತಳ್ಳಲು ಕಾಲು ತಿರುಗಿಸಿದ್ದ. ಪಕ್ಕದವನ ಮುಂದೆ ಗೋಲು ಖಾಲಿ. ಅಷ್ಟರಲ್ಲಿ ಬೇಲಿಯಿಂದ 'ಹೊಡಿಯೋ!' ಬಂತು. ಕಾಲು ಅರ್ಧದಲ್ಲಿ ಮನಸ್ಸು ಬದಲಿಸಿತು, ಚೆಂಡು ಪಾಸೂ ಆಗಲಿಲ್ಲ, ಶಾಟೂ ಆಗಲಿಲ್ಲ, ಮೆಲ್ಲಗೆ ಉರುಳಿ ಕೀಪರ್‌ನ ಕೈ ಸೇರಿತು. ಹುಡುಗ ಮೊದಲು ನೋಡಿದ್ದು ಬೇಲಿಯ ಕಡೆಗೆ.